ಮಸ್ಟರಿನ ಮಾತ್ರೆ

ರೇಣುಕಪ್ರಸಾದನ ಕೈ ಬಹಳ ಚೊಕ್ಕಟ ಎಂದು ಊರು ಹೇಳುತ್ತಿತ್ತು. ಶನಿವಾರಸಂತೆಯಿಂದ ಆಚೆ ಅವನ ಊರು. ಮಿಲಿಟರಿಯಿಂದ ರಜೆಗೆ ಬರುವವರು ಬಾಟಲಿ ತರುತ್ತಾರೆ, ಇಲ್ಲವೇ ಬಾಯಿ ತುಂಬ ಸುಳ್ಳು ತರುತ್ತಾರೆ. ಇವನು ಬಿ.ಪಿ. ನೋಡುವ ಮಿಷನ್ನು ತರುತ್ತಿದ್ದ. ಬಂದ ಮಾರನೆಯ ದಿನವೇ ಜಗಲಿಯ ಮೇಲೆ ಮುದುಕಿಯರು ಸಾಲಾಗಿ ಕೂತುಬಿಡುತ್ತಿದ್ದರು. ಸೂಜಿ ಹಾಕಿದರೆ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಅವನು ಡಾಕ್ಟರಲ್ಲ. ಸೈನ್ಯದಲ್ಲಿ ನರ್ಸಿಂಗ್ ಕೆಲಸ, ಹವಾಲ್ದಾರ್. ಊರಿನ ಬಾಯಲ್ಲಿ ಮಾತ್ರ ಡಾಕ್ಟ್ರು. ಅವನ ಹೆಂಡತಿ ನೀಲಾವತಿಗೆ ಅದು ಹೆಮ್ಮೆಯಾಗಿತ್ತು. ಅವಳು ಓದಿದ್ದು ಏಳನೇ ಕ್ಲಾಸು. ಡಾಕ್ಟ್ರ ಹೆಂಡತಿ ಎನ್ನಿಸಿಕೊಳ್ಳಲು ಅಷ್ಟೇ ಸಾಕಾಗಿತ್ತು.

ಆ ಚೊಕ್ಕಟವಾದ ಕೈಯನ್ನು ಕಂಡರೆ ಮುಖ ತಿರುಗಿಸುವ ಕಾಲವೂ ಅವಳಿಗೆ ಬಂತು.

ರೇಣುಕಪ್ರಸಾದನ ಅಪ್ಪ ಜಯಪ್ಪ ಸುಂಟಿಕೊಪ್ಪ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದ. ಬೆಳಿಗ್ಗೆ ಏಳೂವರೆಗೆ ಮಸ್ಟರ್. ಲೈನ್ ಮನೆಗಳಿಂದ ಆಳುಗಳು ಬಂದು ಸಾಲಾಗಿ ನಿಲ್ಲಬೇಕು, ಜಯಪ್ಪ ಹೆಸರು ಕೂಗಬೇಕು. ಅವನ ಮೇಜಿನ ಮೇಲೆ ಹೆಸರಿನ ಪುಸ್ತಕದ ಪಕ್ಕದಲ್ಲೇ ಒಂದು ಬಿಸ್ಕತ್ತಿನ ಡಬ್ಬ. ಅದರೊಳಗೆ ಬಿಸ್ಕತ್ತಿಲ್ಲ, ಮಾತ್ರೆ. ಹಣ್ಣು ಬಿಡಿಸುವ ಪಿಕಿಂಗ್ ಕಾಲದಲ್ಲಿ ಯಾರಿಗಾದರೂ ಜ್ವರ, ಸೊಂಟನೋವು ಎಂದರೆ ಜಯಪ್ಪ ಯಾವ ನೋವು ಎಂದು ಕೇಳುತ್ತಿರಲಿಲ್ಲ. ಎರಡು ಮಾತ್ರೆ ಕೈಗೆ, ಒಂದು ಲೋಟ ಕರಿ ಟೀ ಬಾಯಿಗೆ. ನುಂಗಿ ಬಾಯಿ ತೆರೆದು ತೋರಿಸಬೇಕು. ಆಮೇಲೆ ಬುಟ್ಟಿ ಕಟ್ಟಿಕೊಂಡು ತೋಟಕ್ಕೆ. ಹಣ್ಣು ಗಿಡದಲ್ಲಿ ಒಣಗಿ ಉದುರಿದರೆ ತೋಟದ ದೊರೆ ಕೇಳುವುದು ರೈಟರನ್ನು, ಜ್ವರವನ್ನಲ್ಲ.

ಪಿ.ಯು.ಸಿ. ಫೇಲಾದ ಮೇಲೆ ರೇಣುಕಪ್ರಸಾದ ಎರಡು ಪಿಕಿಂಗ್ ಅಪ್ಪನ ಕೈಕೆಳಗೆ ಕೆಲಸ ಮಾಡಿದ. ಡಬ್ಬ ಅವನ ಕೈಗೆ ಬಂತು. ಲೈನಿನಲ್ಲಿ ಯಮುನ ಎಂಬ ಹೆಂಗಸು ಬಾಯಿಗೆ ಜೋರು. ಅವಳು ಒಂದು ದಿನ ಎಲ್ಲರ ಮುಂದೆ ಕೇಳಿದಳು.

"ಸಣ್ಣ ರೈಟರ್ರೇ, ಭಾನುವಾರ ಜ್ವರ ಬಂದ್ರೆ ಮಾತ್ರೆ ಎಲ್ಲಿ ಸಿಗುತ್ತೆ?"

"ಭಾನುವಾರ ಪಿಕಿಂಗ್ ಇಲ್ವಲ್ಲ. ಮಾತ್ರೆ ಯಾಕೆ?"

"ಓ, ಜ್ವರ ನನಗಲ್ಲ, ಬುಟ್ಟಿಗೆ ಬರೋದು ಅಂತ ಈಗ ಗೊತ್ತಾಯ್ತು."

ಸಾಲೆಲ್ಲ ನಕ್ಕಿತು. ರೇಣುಕಪ್ರಸಾದನೂ ನಕ್ಕ. ಮದುವೆಯಾದ ಹೊಸದರಲ್ಲಿ ಅವನು ಇದನ್ನು ನೀಲಾವತಿಗೆ ತಮಾಷೆ ಎಂದೇ ಹೇಳಿದ್ದ. ಅವಳೂ ತಮಾಷೆ ಎಂದೇ ನಕ್ಕಿದ್ದಳು. ಅದೂ ಈಗ ಅವಳಿಗೆ ಅಸಹ್ಯವೇ.

ಮಡಿಕೇರಿಯಲ್ಲಿ ಸೈನ್ಯಕ್ಕೆ ಆಳು ತೆಗೆದುಕೊಳ್ಳುವಾಗ ಅವನು ಓಡಿ ಗೆದ್ದ. ಎಸ್ಟೇಟಿನಲ್ಲಿ ಗಾಯ ಕಟ್ಟಿ ರೂಢಿಯಿದೆ ಎಂದದ್ದಕ್ಕೋ ಏನೋ, ಆಸ್ಪತ್ರೆ ಕೆಲಸಕ್ಕೇ ಹಾಕಿದರು. ಹದಿನೇಳು ವರ್ಷ ಅಲ್ಲಿ ಇಲ್ಲಿ ತಿರುಗಿದ. ಗಾಯ ಹೊಲಿದ, ಹಿಮಕ್ಕೆ ಕಪ್ಪಾದ ಬೆರಳು ನೋಡಿದ, ಒಬ್ಬನ ಕುತ್ತಿಗೆಯ ರಕ್ತನಾಳವನ್ನು ಒಂದೂವರೆ ಗಂಟೆ ಬೆರಳಲ್ಲೇ ಒತ್ತಿ ಹಿಡಿದು ಉಳಿಸಿದ. ಇದು ಸುಳ್ಳಲ್ಲ, ಉಳಿದವನೇ ಫೋನು ಮಾಡಿ ನೀಲಾವತಿಯ ಹತ್ತಿರ ಅತ್ತಿದ್ದ. ಅವನು ಕೆಟ್ಟವನು ಎಂದುಬಿಟ್ಟರೆ ಕಥೆ ಸುಲಭವಾಗುತ್ತದೆ. ಅವನು ಕೆಟ್ಟವನಲ್ಲ. ಅದಕ್ಕೇ ಹೇಸಿಗೆ ಜಾಸ್ತಿ.

ಹದಿನೆಂಟನೇ ವರ್ಷ ಅವನನ್ನು ಉತ್ತರದ ಗಡಿಯ ಒಂದು ಬೆಟ್ಟದ ಠಾಣೆಗೆ ಹಾಕಿದರು. ಗುಂಡು ಹಾರುವ ಜಾಗ. ಹಗಲು ಎದುರಿನ ಬೆಟ್ಟದವರು ಹೊಡೆಯುತ್ತಾರೆ, ಇವರು ಹೊಡೆಯುತ್ತಾರೆ. ಡಾಕ್ಟರು ಕೆಳಗಿನ ಕ್ಯಾಂಪಿನಲ್ಲಿ, ಮೇಜರ್. ನಲವತ್ತು ದಿನಕ್ಕೊಮ್ಮೆ ಮೇಲೆ ಬಂದರೆ ಬಂದರು, ಮಂಜು ಬಿದ್ದರೆ ಇಲ್ಲ. ಮಿಕ್ಕ ದಿನ ಎಲ್ಲ ಫೋನಿನಲ್ಲೇ.

ಆ ಠಾಣೆಯಲ್ಲಿ ಹುಡುಗರ ತಲೆ ಕೆಡತೊಡಗಿತು. ಒಬ್ಬ ಊಟ ಬಿಟ್ಟ. ಒಬ್ಬ ಸತ್ತ ಗೆಳೆಯನ ಹತ್ತಿರ ಮಾತಾಡುತ್ತಿದ್ದ. ಒಬ್ಬನ ಕೈ ನಡುಗಿ ನಡುಗಿ ಚಹಾದ ಮಗ್ಗು ನಿಲ್ಲುತ್ತಿರಲಿಲ್ಲ, ಆ ಕೈಗೇ ಬಂದೂಕು. ರೇಣುಕಪ್ರಸಾದ ಕೆಳಗೆ ಫೋನು ಮಾಡಿದ. ಮೇಜರ್ ಡಾಕ್ಟರು ಹುಡುಗರ ಮುಖ ನೋಡಲಿಲ್ಲ. ಫೋನಿನಲ್ಲೇ ಹೇಳಿದರು: ರಾತ್ರಿ ಬಿಳಿ ಮಾತ್ರೆ ಒಂದು, ಬೆಳಿಗ್ಗೆ ಇನ್ನೊಂದು ಜಾತಿಯದು ಅರ್ಧ. ಮುಂದಿನ ಸಾಮಾನಿನ ಜೊತೆ ಕಳಿಸುತ್ತೇನೆ. ರಿಪೋರ್ಟ್ ಪುಸ್ತಕದಲ್ಲಿ ಮಾತ್ರ ಬರೆಯಬೇಡ.

ಬರೆದರೆ ಏನಾಗುತ್ತದೆ ಎನ್ನುವುದು ಅವನಿಗೂ ಗೊತ್ತಿತ್ತು. ತಲೆಯ ಔಷಧ ತಿನ್ನುವವನು ಎಂದು ಪುಸ್ತಕಕ್ಕೆ ಹತ್ತಿದರೆ ಅವನ ಬಂದೂಕು ವಾಪಸು ತೆಗೆದುಕೊಳ್ಳಬೇಕು, ಕೆಳಗೆ ಆಸ್ಪತ್ರೆಗೆ ಕಳಿಸಬೇಕು. ಹಾಗೆ ಕಳಿಸುತ್ತಾ ಹೋದರೆ ಠಾಣೆಯಲ್ಲಿ ಪಹರೆಗೆ ಆಳಿರುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ, ರಾತ್ರಿ ಹುಡುಗರು ಸಾಲು ನಿಂತಾಗ ಅವನು ಮಾತ್ರೆ ಕೊಟ್ಟ. ಕೈಗೆ ಮಾತ್ರೆ, ಬಾಯಿಗೆ ಚಹಾ. ನುಂಗಿ ಬಾಯಿ ತೋರಿಸು. ಮಾತ್ರೆ ಯಾವುದು ಎಂದು ಕೇಳಿದರೆ 'ಶಕ್ತಿಗೆ' ಎನ್ನುತ್ತಿದ್ದ.

ಹೀಗೆ ಮಾತ್ರೆ ತಿಂದವರಲ್ಲಿ ಒಬ್ಬ ಮಹೇಶ. ಕುಶಾಲನಗರದ ಹತ್ತಿರ ಹೆಬ್ಬಾಲೆಯವನು. ಅಪ್ಪ ಸಣ್ಣಸ್ವಾಮಿ, ತಾಯಿ ವನಜಮ್ಮ. ಹಾಸನದ ಕಡೆಯಿಂದ ಬಂದು ನೆಲೆ ನಿಂತವರು, ಜೋಳ ಶುಂಠಿ ಬೆಳೆಯುವ ಮನೆ. ಠಾಣೆಯಲ್ಲಿ ಕೊಡಗಿನವರು ಎಂದರೆ ಇವರಿಬ್ಬರೇ. ಮಹೇಶ ಅವನನ್ನು ಅಣ್ಣಾ ಎಂದು ಕರೆಯುತ್ತಿದ್ದ. ಪಕ್ಕದಲ್ಲಿ ನಿಂತಿದ್ದವನ ತಲೆ ಹಾರಿದ್ದನ್ನು ಕಂಡ ಮೇಲೆ ಅವನಿಗೆ ನಿದ್ದೆ ಹೋಗಿತ್ತು. ಏಳು ತಿಂಗಳು ಎರಡೂ ಜಾತಿ ಮಾತ್ರೆ ತಿಂದ. ನಿದ್ದೆ ಬಂತು, ಕೈಯ ನಡುಕ ನಿಂತಿತು. ಆಮೇಲೆ ಎರಡು ತಿಂಗಳ ರಜೆ ಸಿಕ್ಕಿತು. ಹೊರಡುವ ದಿನ ಕೇಳಿದ.

"ಅಣ್ಣಾ, ಊರಿಗೆ ಮಾತ್ರೆ ಕಟ್ಟಿ ಕೊಡಲ್ವಾ?"

"ಊರಲ್ಲಿ ಯಾಕೋ ಮಾತ್ರೆ? ಅಮ್ಮನ ಕೈ ಮುದ್ದೆ ತಿನ್ನು, ಹೆಂಡ್ತಿ ಪಕ್ಕ ಮಲಕ್ಕೋ. ಅದಕ್ಕಿಂತ ಮಾತ್ರೆ ಬೇಕೇನೋ?"

ಮಹೇಶ ನಾಚಿ ನಕ್ಕನಂತೆ. ಪಿಕಿಂಗ್ ಇಲ್ಲದ ದಿನ ಮಾತ್ರೆ ಯಾಕೆ? ರೇಣುಕಪ್ರಸಾದನ ತಲೆ ನಡೆದದ್ದು ಅಷ್ಟೇ. ಮೇಜರ್ ಡಾಕ್ಟರೂ ಏನೂ ಹೇಳಲಿಲ್ಲ. ಪುಸ್ತಕದಲ್ಲಿ ಇಲ್ಲದ ಕಾಯಿಲೆಗೆ ರಜೆಯ ಔಷಧ ಯಾರು ಬರೆಯುತ್ತಾರೆ?

ಹೆಬ್ಬಾಲೆಯಲ್ಲಿ ಆದದ್ದು ಇಷ್ಟು. ಮೊದಲ ಮೂರು ದಿನ ಚೆನ್ನಾಗಿದ್ದ. ಆಮೇಲೆ ನಿದ್ದೆ ಹೋಯಿತು, ಬೆವರು, ನಡುಕ. ಹತ್ತು ದಿನ ತುಂಬುವಷ್ಟರಲ್ಲಿ ಟಿ.ವಿ. ಒಡೆದ. ಹೆಂಡತಿ ರಂಜಿತಾಳನ್ನು ಕಂಡರೆ ಕಿರುಚಾಡುತ್ತಿದ್ದ. ಅವಳೂ ಇಪ್ಪತ್ತನಾಲ್ಕರ ಹುಡುಗಿ, ಮದುವೆಯಾಗಿ ಒಂದೂವರೆ ವರ್ಷ, ಅದರಲ್ಲಿ ಗಂಡನ ಜೊತೆ ಇದ್ದದ್ದು ಐವತ್ತು ದಿನ. ಅವಳೂ ಒಂದು ದಿನ ತಿರುಗಿ ಕೂಗಿದಳು. ಅಕ್ಕಪಕ್ಕದವರು ಕೇಳಿಸಿಕೊಂಡರು. ದೇವರಿಗೆ ಹೋಗಿ ದಾರ ಕಟ್ಟಿಸಿದರು. ರಜೆ ಇನ್ನೂ ಇರುವಾಗಲೇ ಅವನು ಹೊರಟು ಹೋದ. ಠಾಣೆಯಲ್ಲಿ ಮಾತ್ರೆ ಮತ್ತೆ ಶುರುವಾದರೂ ನಾಟಲಿಲ್ಲ. ಹೋದ ಹನ್ನೊಂದನೇ ದಿನ, ಪಹರೆಯಲ್ಲಿದ್ದಾಗ, ತನ್ನ ಬಂದೂಕಿನಿಂದ ತಾನೇ ಸತ್ತ.

ವಿಚಾರಣೆ ನಡೆಯಿತು. ಮೇಜಿನ ಆಚೆ ಮೂವರು ಸಾಹೇಬರು. ಪಕ್ಕದ ಕುರ್ಚಿಯಲ್ಲಿ ಮೇಜರ್ ಡಾಕ್ಟರು ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. ಇವನಿಗೆ ಯಾವುದಾದರೂ ಔಷಧ ಕೊಡುತ್ತಿದ್ದೆಯಾ ಎಂದು ರೇಣುಕಪ್ರಸಾದನನ್ನು ಕೇಳಿದರು.

"ನಹೀ ಸಾಬ್," ಎಂದ ಅವನು.

ಎರಡೇ ಮಾತು. ಕಾಗದದಲ್ಲಿ ಬರೆದರು: ಮನೆಯ ಜಗಳ. ಆ ಕಾಗದ ಹೆಬ್ಬಾಲೆಗೆ ಬಂತು. ಅದರ ಮೇಲೆ ಊರು ತನ್ನದನ್ನೂ ಬರೆದುಕೊಂಡಿತು. ಗಂಡನನ್ನು ನುಂಗಿದವಳು ಎಂದರು. ಅವಳಿಗೆ ಬೇರೆ ಯಾರೋ ಇದ್ದಾನೆ ಎಂದರು. ವರ್ಷದ ತಿಥಿಯ ಮಾರನೆಯ ದಿನ ವನಜಮ್ಮ ಸೊಸೆಯ ಪೆಟ್ಟಿಗೆಯನ್ನು ಜಗಲಿಯ ಮೇಲೆ ಇಟ್ಟಳು. ರಂಜಿತಾ ಕೊಣನೂರಿನ ತಾಯಿ ಮನೆಗೆ ಹೋದಳು.

ಇದಾವುದೂ ನೀಲಾವತಿಗೆ ಗೊತ್ತಿರಲಿಲ್ಲ. ಎರಡು ವರ್ಷದ ಮೇಲೆ ಗಂಡ ಪೆನ್ಷನ್ ತೆಗೆದುಕೊಂಡು ಮನೆಗೆ ಬಂದ. ಕುಡಿಯತೊಡಗಿದ. ಮಿಲಿಟರಿಯವರು ಕುಡಿಯುತ್ತಾರೆ, ಇದೇನು ಹೊಸದು ಎಂದು ಸುಮ್ಮನಿದ್ದಳು. ಗೊತ್ತಾದದ್ದು ಒಂದು ಬೆಳಿಗ್ಗೆ, ಮೆಣಸು ಬಿಡಿಸುವಾಗ.

ಮಗಳು ಐಶ್ವರ್ಯ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಪರೀಕ್ಷೆಗೆ ಓದಲು ಬಿಟ್ಟ ರಜೆಗೆ ಬಂದವಳು ಅಂಗಳದಲ್ಲಿ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಗಂಡ ಹೆಂಡತಿ ಕಣದ ಮೇಲೆ ಕೂತು ಗೊಂಚಲಿನಿಂದ ಮೆಣಸು ಉದುರಿಸುತ್ತಿದ್ದರು.

"ಅಪ್ಪಾ, ನಿಮ್ಮ ಸರ್ವೀಸಲ್ಲಿ ಈ ತಲೆ ಮಾತ್ರೆ ಕೊಡ್ತಿದ್ರಾ? ಇದನ್ನ ಒಂದೇ ಸಲ ನಿಲ್ಲಿಸಬಾರದಂತೆ. ಸ್ವಲ್ಪ ಸ್ವಲ್ಪ ಇಳಿಸ್ತಾ ಬರಬೇಕಂತೆ. ಇಲ್ದಿದ್ರೆ ಮೊದಲಿಗಿಂತ ಜೋರಾಗಿ ಬರಬಹುದಂತೆ. ಸಾಯೋ ಯೋಚನೇನೂ ಬರಬಹುದಂತೆ. ನಾಳಿದ್ದು ಇದೇ ಪರೀಕ್ಷೆಗೆ."

ರೇಣುಕಪ್ರಸಾದನ ಕೈ ಮೆಣಸಿನ ರಾಶಿಯೊಳಗೆ ನಿಂತುಹೋಯಿತು.

"ಯಾವ ಪುಸ್ತಕದಲ್ಲಿದೆ?" ಎಂದ.

"ಇದೇ. ನಮ್ಮ ಪಾಠದ ಪುಸ್ತಕ. ಯಾಕಪ್ಪಾ?"

ಅವನು ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದ. ತೊಳೆಯುತ್ತಲೇ ಇದ್ದ. ಮಗಳು ಒಳಗೆ ಹೋದ ಮೇಲೆ ನೀಲಾವತಿ ಹತ್ತಿರ ಹೋಗಿ ನಿಂತಳು. ನಲ್ಲಿ ನಿಲ್ಲಿಸದೆಯೇ ಅವನು ಎಲ್ಲವನ್ನೂ ಹೇಳಿದ. ನೀರು ಹರಿದು ಕಣದ ಮೆಣಸಿನವರೆಗೆ ಬಂತು.

"ಗೊತ್ತಿರಲಿಲ್ಲ ನೀಲಾ. ನಿಲ್ಲಿಸಬಾರದು ಅಂತ ಗೊತ್ತಿರಲಿಲ್ಲ."

"ಆಯ್ತು, ಗೊತ್ತಿರಲಿಲ್ಲ. ಕೊಟ್ಟಿದ್ದು ಗೊತ್ತಿತ್ತಲ್ಲ. ಅದನ್ನ ಕೇಳಿದಾಗ ಏನಂದ್ರಿ?"

"ಎಲ್ಲರೂ ಹಾಗೇ ಅಂತಿದ್ರು."

"ಅವರೆಲ್ಲರ ಹೆಂಡ್ತಿ ನಾನಲ್ಲ. ನಿಮ್ಮ ಹೆಂಡ್ತಿ. ಹೆಬ್ಬಾಲೆಗೆ ಹೋಗಿ ಹೇಳಿ ಬನ್ನಿ. ಆ ಹುಡುಗಿ ಕೊಂದಿಲ್ಲ ಅಂತ ಹೇಳಿ ಬನ್ನಿ."

"ಹೋಗ್ತೀನಿ. ಈ ಮೆಣಸು ಮುಗೀಲಿ."

ಮೆಣಸು ಮುಗಿಯಿತು. ಕಾಫಿ ಹೂ ಬಂತು, ಮಳೆ ಬರಲಿ ಎಂದ. ಮಳೆ ಬಂತು, ಮಳೆ ನಿಲ್ಲಲಿ ಎಂದ. ದಿನಾ ಬಾಟಲಿ. ನೀಲಾವತಿ ದಿನಾ ಕೇಳಿದಳು. ಊಟಕ್ಕೆ ಬಡಿಸುವಾಗ ಕೇಳಿದಳು, ನೆಂಟರ ಮುಂದೆ ಕಣ್ಣಲ್ಲೇ ಕೇಳಿದಳು. ಅವನು ಮುದುಕಿಯರ ಬಿ.ಪಿ. ನೋಡಲು ಕೈ ಹಿಡಿದರೆ ಇವಳು ಅಲ್ಲಿ ಕೂರುತ್ತಿರಲಿಲ್ಲ. ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಅಕ್ಟೋಬರಿನಲ್ಲಿ ಅವನ ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ. ಅವಳೇ ಮೈ ಒರೆಸಿದಳು, ಅವಳೇ ಬಟ್ಟೆ ಬದಲಿಸಿದಳು. ಅಸಹ್ಯವಿತ್ತು, ಪ್ರೀತಿಯೂ ಇತ್ತು. ಎರಡೂ ಒಂದೇ ಬಟ್ಟಲಿನಲ್ಲಿದ್ದವು, ಬೇರೆ ಮಾಡಲು ಬರಲಿಲ್ಲ.

"ಒಂದು ಫೋನಾದ್ರೂ ಮಾಡಿ. ನಂಬರು ನಾನು ತರ್ತೀನಿ," ಎಂದಳು ಒಂದು ಮಧ್ಯಾಹ್ನ.

"ಹೆಸರು ಹಾಳಾಗುತ್ತೆ ನೀಲಾ."

"ಯಾರ ಹೆಸರು?"

ಅವನು ಗೋಡೆಯ ಕಡೆ ತಿರುಗಿದ. ನಾಲ್ಕು ದಿನದ ಮೇಲೆ ಸತ್ತ. ವಯಸ್ಸು ನಲವತ್ತಮೂರು.

ಮನೆಯವರು ವಿಭೂತಿ ಹಚ್ಚಿ ಕೂರಿಸಿದರು. ಮಾಜಿ ಸೈನಿಕರ ಸಂಘದವರು ಬಾವುಟ ಹೊದಿಸಿದರು. ಸಂಘದ ಅಧ್ಯಕ್ಷ ಉತ್ತಯ್ಯ, ನಿವೃತ್ತ ಸುಬೇದಾರ್, ಎಂಬತ್ತು ಯೋಧರ ಜೀವ ಉಳಿಸಿದ ಕೈ ಎಂದು ಭಾಷಣ ಮಾಡಿದರು. ಎಂಬತ್ತು ಎಂದು ಯಾರು ಎಣಿಸಿದ್ದರೋ. ನೀಲಾವತಿ ಅಳುತ್ತಲೇ ಎಣಿಸಿದಳು: ಎಂಬತ್ತರಲ್ಲಿ ಒಂದು ಕಳೆಯಬೇಕು.

ಹನ್ನೊಂದನೇ ದಿನವೇ ಮೈದುನ ಕೀರ್ತಿಕುಮಾರ್ ಬಂದು ಚಿಕ್ಕದಾಗಿ ಕೆಮ್ಮಿದ.

"ಅತ್ತಿಗೆ, ಅಣ್ಣನ ಮಿಲಿಟರಿ ಕ್ಯಾಂಟೀನ್ ಕಾರ್ಡು ಇನ್ನು ನಿಮ್ಮ ಹೆಸರಿಗೆ ಆಗುತ್ತಂತೆ. ತಿಂಗಳ ಬಾಟ್ಲಿ ಬರುತ್ತೆ. ನಿಮಗಂತೂ ಬೇಡವಲ್ಲ."

"ಅದೇ ಬಾಟ್ಲಿ ಅಲ್ವೇನೋ ನಿಮ್ಮಣ್ಣನ ಹೊಟ್ಟೇಲಿ ನೀರಾಗಿದ್ದು?"

"ಅಣ್ಣ ಮಿತಿ ಇಲ್ದೆ ಕುಡಿದ ಅತ್ತಿಗೆ. ನಾನು ನೋಡ್ಕೊಂಡು ಕುಡೀತೀನಿ."

ಅವಳು ಗಂಡನ ಹಳೆಯ ಕಾರ್ಡನ್ನು ಒಲೆಗೆ ಹಾಕಿದಳು. ಪ್ಲಾಸ್ಟಿಕ್ಕು ಸುಟ್ಟ ನಾತ ಎರಡು ದಿನ ಅಡುಗೆಮನೆಯಲ್ಲಿತ್ತು. ಕೀರ್ತಿಕುಮಾರ್ ಇಂದಿಗೂ ಮಾತು ಬಿಟ್ಟಿದ್ದಾನೆ. ಒಳ್ಳೆಯದೇ.

ತಿಂಗಳಾದ ಮೇಲೆ ಉತ್ತಯ್ಯ ಬಂದರು. ಸಂಘದ ಸಭಾಂಗಣದಲ್ಲಿ ರೇಣುಕಪ್ರಸಾದನ ಫೋಟೋ ಹಾಕುತ್ತಾರಂತೆ, ನೀಲಾವತಿ ಬಂದು ನಾಲ್ಕು ಮಾತಾಡಬೇಕಂತೆ. ಅವಳು ಕಾಫಿ ಕೊಟ್ಟಳು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಉತ್ತಯ್ಯ ಕಾಫಿ ಲೋಟ ಕೆಳಗಿಟ್ಟರು.

"ನೋಡು ತಂಗಿ, ಎಲ್ಲ ಕಡೆ ಹೀಗೇ ನಡೀತದೆ. ಬೆಟ್ಟದ ಮೇಲೆ ಇರೋದು ನಲವತ್ತು ಜನ. ಹತ್ತು ಜನಾನ ಕೆಳಗೆ ಕಳಿಸಿದ್ರೆ ಗಡಿ ಯಾರು ಕಾಯೋದು? ನಮ್ಮ ಕಾಲದಲ್ಲಿ ಮಾತ್ರೇನೂ ಇರ್ಲಿಲ್ಲ, ರಮ್ಮು ಕೊಡ್ತಿದ್ರು."

"ಗಡಿ ಕಾಯೋಕೆ ತಲೆ ಸರಿ ಇರೋರು ಬೇಡ್ವಾ ಸಾಹೇಬ್ರೆ?"

"ಸತ್ತವನ ಮೇಲೆ ಮಣ್ಣು ಹಾಕಬೇಕು ತಂಗಿ, ಕೆಸರಲ್ಲ. ನಿನ್ನ ಗಂಡನ ಮಾನ ನೀನೇ ತೆಗೀತೀಯಾ? ಮಗಳ ಮದುವೆ ಆಗ್ಬೇಕು."

"ಅಲ್ಲಿ ಒಂದು ಹುಡುಗಿ ಮಾನ ನಾಲ್ಕು ವರ್ಷದಿಂದ ಬೀದೀಲಿದೆ. ಅವಳೂ ಯಾರದೋ ಮಗಳು."

ಉತ್ತಯ್ಯ ಒಳ್ಳೆಯ ಮನುಷ್ಯ. ಊರಿಗೆಲ್ಲ ಬೇಕಾದವರು. ಟೋಪಿ ಹಾಕಿಕೊಂಡು ಹೊರಟರು. ಗೇಟಿನ ಹತ್ತಿರ ನಿಂತು, "ಹೋಗೋದಾದ್ರೆ ಸಂಘದ ಹೆಸರು ಎತ್ತಬೇಡಮ್ಮ," ಎಂದರು. ಒಳ್ಳೆಯ ಮನುಷ್ಯರ ಮೇಲೂ ಹೇಸಿಗೆಯಾಗುತ್ತದೆ ಎಂದು ನೀಲಾವತಿಗೆ ಅವತ್ತು ತಿಳಿಯಿತು.

ಅವಳು ಮೊದಲು ಹೆಬ್ಬಾಲೆಗೆ ಹೋದಳು. ವನಜಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡಳು. ಅರ್ಧದಲ್ಲೇ ಕೈ ಎತ್ತಿದಳು.

"ಸಾಕು ನಿಲ್ಸವ್ವ. ನನ್ ಮಗ ಹುಚ್ಚ ಅಂತ ಹೇಳಾಕ್ ಬಂದ್ಯಾ? ಮಗಳು ಚಂದನಾಗೆ ಗಂಡು ನೋಡ್ತಾ ಇದ್ದೀವಿ. ಅಣ್ಣ ತಲೆ ಕೆಟ್ಟು ಸತ್ತ ಅಂತ ಗೊತ್ತಾದ್ರೆ ಯಾರ್ ಬತ್ತಾರೆ?"

"ನಿಮ್ಮ ಸೊಸೆ..."

"ಯಾವ್ ಸೊಸೆ? ನಂಗ್ ಸೊಸೆ ಇಲ್ಲ."

ಬಾಗಿಲು ಹಾಕಿಕೊಂಡಿತು. ಒಳಗಿನ ಕಿಟಕಿಯಲ್ಲಿ ಸಣ್ಣಸ್ವಾಮಿಯ ಮುಖ ಕಂಡ ಹಾಗಾಯಿತು. ಅವನು ಹೊರಗೆ ಬರಲಿಲ್ಲ.

ರಂಜಿತಾ ಕುಶಾಲನಗರದಲ್ಲಿ ಒಂದು ಟೈಲರ್ ಅಂಗಡಿಯಲ್ಲಿ ಬ್ಲೌಸು ಹೊಲಿಯುತ್ತಾಳೆ ಎಂದು ಪಕ್ಕದ ಮನೆಯ ಹೆಂಗಸು ದಾರಿಯಲ್ಲಿ ಹೇಳಿದಳು. ಹೇಳುವಾಗ ಮೂತಿ ತಿರುವಿದಳು. ನೀಲಾವತಿ ಅಲ್ಲಿಗೆ ಹೋದಳು. ಹುಡುಗಿ ಬಡಕಲಾಗಿದ್ದಳು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದಳು. ಮಾತು ಮುಗಿಯುವವರೆಗೆ ಮಿಷನ್ನು ನಿಲ್ಲಿಸಲಿಲ್ಲ. ಆಮೇಲೆ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

"ಕಾಗದದಲ್ಲಿ ನಾಲ್ಕು ಮಾತ್ರೆ ಕಟ್ಟಿಕೊಡೋಕೆ ಆಗ್ಲಿಲ್ವಾ ಅವರಿಗೆ?"

ನೀಲಾವತಿ ಮೇಜಿನ ಮೇಲಿನ ಪಿನ್ನುಗಳನ್ನು ನೋಡಿದಳು.

"ಅವರು ಯಾಕೆ ಬರಲಿಲ್ಲ?"

"ಸತ್ತುಹೋದ್ರು."

"ಬದುಕಿದ್ದಾಗ?"

"ನಾಳೆ ನಾಳೆ ಅಂದ್ರು."

ರಂಜಿತಾ ನಕ್ಕಳು. ಅಂಥ ನಗು ನೀಲಾವತಿ ಯಾರ ಮುಖದಲ್ಲೂ ನೋಡಿರಲಿಲ್ಲ.

"ನನಗೆ ಹೇಳಿ ಏನು ಪ್ರಯೋಜನ ಅಕ್ಕ? ನಾನು ಕೊಂದಿಲ್ಲ ಅಂತ ನನಗೆ ಗೊತ್ತಿತ್ತಲ್ಲ. ಹೇಳೋದಿದ್ರೆ ಊರಿಗೆ ಹೇಳಿ. ಡೈರಿ ಹತ್ರ ಹೇಳಿ. ಅವರು ನನ್ನ ಅಂದಿದ್ದು ಅಲ್ಲೇ. ಹಾಲಿನ ಕ್ಯಾನು ಹಿಡ್ಕೊಂಡು ನಿಂತ್ರೆ ನನ್ನ ಹಿಂದೆ ಮುಂದೆ ಯಾರೂ ನಿಲ್ತಿರ್ಲಿಲ್ಲ. ಜಾಗ ಬಿಟ್ಟು ನಿಲ್ತಿದ್ರು."

"ಹೇಳ್ತೀನಿ."

"ನಾನೂ ಬರ್ತೀನಿ. ನನ್ನ ಮುಂದೆ ಹೇಳ್ಬೇಕು."

ಜನವರಿಯ ಒಂದು ಬೆಳಿಗ್ಗೆ, ಆರೂ ಮುಕ್ಕಾಲು. ಹಿಂದಿನ ದಿನವೇ ನೀಲಾವತಿ ಕೊಣನೂರಿಗೆ ಹೋಗಿ ರಂಜಿತಾಳ ತಾಯಿ ಮನೆಯಲ್ಲಿ ಉಳಿದಿದ್ದಳು. ಇಬ್ಬರೂ ಮೊದಲ ಬಸ್ಸಿಗೆ ಇಳಿದರು. ಹೆಬ್ಬಾಲೆಯ ಡೈರಿ ಮುಂದೆ ಮಂಜು, ಕ್ಯಾನುಗಳ ಸದ್ದು, ಮೂವತ್ತು ನಲವತ್ತು ಜನ. ಸೆಕ್ರೆಟರಿ ಹಾಲಿಗೆ ಕೊಳವೆ ಅದ್ದಿ ಕೊಬ್ಬು ನೋಡುತ್ತಿದ್ದ. ಸಾಲಿನ ನಡುವೆ ವನಜಮ್ಮ, ಅವಳ ಹಿಂದೆ ಸಣ್ಣಸ್ವಾಮಿ. ರಂಜಿತಾಳನ್ನು ಕಂಡ ಕೂಡಲೇ ಸಾಲಿನ ತಲೆಗಳೆಲ್ಲ ತಿರುಗಿದವು.

ನೀಲಾವತಿ ಜನರ ಮುಂದೆ ನಿಂತು ಮಾತಾಡಿದವಳಲ್ಲ. ಸೆರಗು ಸಿಕ್ಕಿಸಿಕೊಂಡಳು. ಡೈರಿಯ ಮೆಟ್ಟಿಲು ಹತ್ತಿದಳು.

"ನಾನು ಶನಿವಾರಸಂತೆ ಕಡೆಯವಳು. ನನ್ನ ಗಂಡ ರೇಣುಕಪ್ರಸಾದ್, ಮಿಲಿಟರೀಲಿ ಆಸ್ಪತ್ರೆ ಕೆಲಸ. ಸತ್ತು ಎರಡು ತಿಂಗಳಾಯ್ತು. ನಿಮ್ಮ ಮಹೇಶ ಇದ್ದ ಕಡೇನೇ ಅವರೂ ಇದ್ರು. ಮಹೇಶನಿಗೆ ತಲೆಗೆ ಕಾಯಿಲೆ ಆಗಿತ್ತು. ಏಳು ತಿಂಗಳು ನನ್ನ ಗಂಡನೇ ಮಾತ್ರೆ ಕೊಟ್ಟಿದ್ದು. ದೊಡ್ಡ ಡಾಕ್ಟ್ರು ಬರೀಬೇಡ ಅಂದ್ರು, ಇವರು ಬರೀಲಿಲ್ಲ. ರಜೆಗೆ ಬರೋವಾಗ ಮಾತ್ರೆ ಕೊಡದೆ ಬರಿಗೈಲಿ ಕಳಿಸಿದ್ರು. ಆ ಮಾತ್ರೆ ಒಂದೇ ಸಲ ನಿಲ್ಲಿಸಬಾರದಂತೆ. ಅದಕ್ಕೇ ಅವನು ಇಲ್ಲಿ ಹಾಗಾಡಿದ್ದು. ಆಮೇಲೆ ವಿಚಾರಣೇಲಿ ನನ್ನ ಗಂಡ ಸುಳ್ಳು ಹೇಳಿದ್ರು. ಮನೆ ಜಗಳ ಅಂತ ಬರೆದದ್ದು ಆ ಸುಳ್ಳಿನ ಮೇಲೆ. ಈ ಹುಡುಗಿ ಏನೂ ಮಾಡಿಲ್ಲ."

ಹಿಂದಿನಿಂದ ಒಬ್ಬ ತಲೆಗೆ ಟವೆಲ್ ಸುತ್ತಿದವನು ಅಂದ:

"ಗಂಡ ಸತ್ ಮ್ಯಾಕೆ ಹೆಂಡ್ತಿ ಸತ್ಯ ಹೇಳ್ತಾ ಅವ್ಳೆ. ಸತ್ತೋನ್ ಬಂದು ಇಲ್ಲ ಅಂತಾನಾ?"

"ಇವಳಿಗೆ ಏನ್ ಕೊಟ್ಟು ಕರ್ಕೊಂಡ್ ಬಂದ್ಳೋ ಕೇಳು," ಎಂದಳು ಒಬ್ಬಳು. ಒಂದಿಬ್ಬರು ನಕ್ಕರು.

"ಗಂಡನ ಮರ್ಯಾದೆ ಕೊಟ್ಟು ಬಂದಿದ್ದೀನಿ," ಎಂದಳು ನೀಲಾವತಿ. "ಅದಕ್ಕಿಂತ ಹೆಚ್ಚಿಂದು ನನ್ನ ಹತ್ರ ಇರ್ಲಿಲ್ಲ."

ವನಜಮ್ಮ ಕ್ಯಾನು ನೆಲಕ್ಕೆ ಕುಕ್ಕಿದಳು. "ನನ್ ಮಗ ಹುಚ್ಚ ಅಲ್ಲ. ಅವನ್ಗೆ ಯಾವ ಮಾತ್ರೇನೂ ಇರ್ನಿಲ್ಲ. ಇದ್ದಿದ್ರೆ ಹೆತ್ತವ್ಳಿಗೆ ಹೇಳ್ತಿರ್ನಿಲ್ವಾ? ಯಾವ್ ಮಾತ್ರೆ, ಹೆಸ್ರೇಳು ನೋಡಾಣ."

ನೀಲಾವತಿಗೆ ಹೆಸರು ಗೊತ್ತಿರಲಿಲ್ಲ. ಗಂಡ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ಬಿಳಿಯದು ಒಂದು, ಇನ್ನೊಂದು ಅರ್ಧ. ಅಷ್ಟೇ. ಅಷ್ಟು ಹೇಳಿದರೆ ಇಡೀ ಡೈರಿ ನಗುತ್ತದೆ ಎಂದು ಗೊತ್ತಿದ್ದೂ ಹೇಳಿದಳು.

"ಹೆಸರು ಗೊತ್ತಿಲ್ಲವ್ವ. ರಾತ್ರಿಗೆ ಬಿಳೀದು ಒಂದು. ಬೆಳಿಗ್ಗೆ ಇನ್ನೊಂದು, ಅರ್ಧ ಮುರಿದು ಕೊಡ್ತಿದ್ರಂತೆ. ಕೇಳಿದ್ರೆ ಶಕ್ತಿಗೆ ಅಂತಿದ್ರಂತೆ."

ಯಾರೋ ನಗಲು ಬಾಯಿ ತೆರೆದರು. ಅಷ್ಟರಲ್ಲಿ ಸಣ್ಣಸ್ವಾಮಿ ಮಾತಾಡಿದ. ಮೆಲ್ಲಗೆ, ನೆಲ ನೋಡಿಕೊಂಡು.

"ಶಕ್ತಿ ಮಾತ್ರೆ ಅಂದಿದ್ದ."

ವನಜಮ್ಮ ತಿರುಗಿದಳು. "ಏನಂದೆ?"

"ಬಂದ್ ಒಂದ್ ವಾರಕ್ಕೆ. ಶುಂಠಿ ಹೊಲ್ದಾಗೆ ಇದ್ವಿ. ಅಪ್ಪಾ, ಅಲ್ಲಿ ಒಂದು ಶಕ್ತಿ ಮಾತ್ರೆ ಕೊಡೋರು, ಬಿಳೀದು, ಅದಿಲ್ದೆ ಆಗ್ತಾ ಇಲ್ಲ, ಕುಶಾಲ್‌ನಗರ್ದಾಗೆ ಸಿಕ್ತದಾ ನೋಡಪ್ಪಾ ಅಂದ. ನಾನು ಮಿಲಿಟ್ರೀಲಿ ಮತ್ತಿನ್ ಚಟ ಕಲ್ತು ಬಂದವ್ನೆ ಅಂದ್ಕಂಡೆ. ಕೆನ್ನೆಗ್ ಹೊಡ್ದೆ. ಯಾರ್ಗೂ ಹೇಳ್ಬ್ಯಾಡ, ಮಾನ ಹೋಯ್ತದೆ ಅಂದೆ."

ಸೆಕ್ರೆಟರಿ ಕೊಳವೆ ಹಾಲಿನಲ್ಲೇ ಬಿಟ್ಟಿದ್ದ. ಟವೆಲ್ಲಿನವನು ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

ರಂಜಿತಾ ಮಾವನ ಮುಂದೆ ಹೋಗಿ ನಿಂತಳು. "ನಿಮಗೆ ಗೊತ್ತಿತ್ತಾ ಮಾವ?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಅತ್ತೆ ನನ್ನ ಪೆಟ್ಟಿಗೆ ಹೊರಗಿಟ್ಟಾಗ ನೀವು ಅಲ್ಲೇ ಬೀಡಿ ಸೇದ್ತಾ ಕೂತಿದ್ರಿ. ಆವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು ಅಂತಲ್ಲ ತಾಯಿ. ಅನುಮಾನ. ನಾನ್ ಹೊಡ್ದಿದ್ಕೇ ಹಂಗ್ ಮಾಡ್ಕೊಂಡ್ನೋ ಅಂತ... ನಿನ್ ಮ್ಯಾಲೆ ಬಂದಿದ್ದು ಬರ್ಲಿ, ನನ್ ಮ್ಯಾಲೆ ಬ್ಯಾಡ ಅಂತ ಸುಮ್ಕಿದ್ದೆ." ಆಮೇಲೆ 'ಮನೆಗ್ ಬಾ' ಎಂಬಂತೆ ಏನೋ ಗೊಣಗಿದ.

ವನಜಮ್ಮ ಗಂಡನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಡೈರಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ಕೂಗಲೂ ಇಲ್ಲ. ಕ್ಯಾನಿನ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಮುಚ್ಚುತ್ತಿದ್ದಳು. ಅದು ಆಗಲೇ ಮುಚ್ಚಿತ್ತು.

"ನಿಮ್ಮ ಮನೆ ಬೇಡ ಮಾವ," ಎಂದಳು ರಂಜಿತಾ. "ಇವತ್ತು ಹೇಳಿದ್ದು ಇಷ್ಟು ಜನ ಕೇಳಿದ್ದಾರಲ್ಲ, ಅದನ್ನ ನಾಳೆನೂ ಹೇಳಿ. ಕೇಳಿದವರಿಗೆಲ್ಲ ಹೇಳಿ. ನನಗೆ ಅಷ್ಟೇ ಬೇಕು."

ಅವಳು ನಡೆದಳು. ಸಾಲಿನವರು ದಾರಿ ಬಿಟ್ಟರು. ಇಬ್ಬರು ಹೆಂಗಸರು ಅವಳ ಕೈ ಮುಟ್ಟಲು ಬಂದರು, ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು. ನೀಲಾವತಿ ಹತ್ತು ಹೆಜ್ಜೆ ಹಿಂದೆ ಬಂದು ನಿಂತಳು. ರಂಜಿತಾಳೇ ಮಾತಾಡಿದಳು, ತಿರುಗದೆ.

"ಅಕ್ಕ, ನೀವು ಬಂದದ್ದು ಒಳ್ಳೇದಾಯ್ತು. ಆದ್ರೆ ನಿಮ್ಮ ಪಕ್ಕ ಕೂರೋಕೆ ನನ್ನಿಂದ ಆಗಲ್ಲ. ಬೇಜಾರು ಮಾಡ್ಕೋಬೇಡಿ."

"ಇಲ್ಲ," ಎಂದಳು ನೀಲಾವತಿ.

ಬಸ್ಸು ಬಂತು. ರಂಜಿತಾ ಮುಂದಿನ ಬಾಗಿಲಿಂದ ಹತ್ತಿದಳು, ನೀಲಾವತಿ ಹಿಂದಿನಿಂದ. ಕಿಟಕಿ ಪಕ್ಕ ಕೂತು ಒಂದು ಮೈಲಿ ಹೋಗುವಷ್ಟರಲ್ಲಿ ಅವಳಿಗೆ ಗಂಡನ ಮೇಲೆ ಸಿಟ್ಟು ಉಕ್ಕಿ ಬಂತು. ಹೇಳಿದ್ದು ಹತ್ತು ನಿಮಿಷದ ಮಾತು. ನಾಲ್ಕು ವರ್ಷ ಬದುಕಿದ್ದೂ ಈ ಹತ್ತು ನಿಮಿಷದ ಮಾತು ಅವನಿಂದ ಆಗಲಿಲ್ಲ. ಬದುಕಿದ್ದಿದ್ದರೆ ಈಗ ಮುಖದ ಮೇಲೆ ಹೇಳುತ್ತಿದ್ದಳು. ಹೇಳಲು ಅವನಿಲ್ಲ. ಕಿಟಕಿಯ ಗಾಜು ಸರಿಸಿ ರಸ್ತೆಗೆ ಉಗಿದಳು. ಆಮೇಲೆ ಸೆರಗನ್ನು ಬಾಯಿಗಿಟ್ಟುಕೊಂಡು, ಅವನು ಸತ್ತ ದಿನವೂ ಅಳದ ಹಾಗೆ ಅತ್ತಳು.